ದೇವರು ಮಾತು ತಪ್ಪಿದನೋ, ಆ ಮಾತನ್ನು ಆತನು ಕೊಟ್ಟೇ ಇರಲಿಲ್ಲವೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ನಿಮಗೆ ನಿರೀಕ್ಷೆಯನ್ನೂ ಭವಿಷ್ಯವನ್ನೂ ಕೊಡುವೆನು ಎಂದು ದೇವರು ಹೇಳುವ ಯೆರೆಮೀಯ 29:11ನ್ನು ಹಿಡಿದುಕೊಂಡು ವರ್ಷಗಟ್ಟಲೆ ಪ್ರಾರ್ಥಿಸಿದ್ದೀರಿ. ಕೆಲಸ ಸಿಗಲಿಲ್ಲ, ಮನೆಯವರ ಕಾಯಿಲೆಯೂ ವಾಸಿಯಾಗಲಿಲ್ಲ. ಸಭೆಯಲ್ಲಿ ಕೇಳಿದರೆ "ನಿಮಗೆ ನಂಬಿಕೆ ಸಾಲದು" ಅನ್ನುತ್ತಾರೆ. ಹೀಗಿರುವಾಗ ದೇವರು ತನ್ನ ವಾಗ್ದಾನಗಳಲ್ಲಿ ನಂಬಿಗಸ್ತನು ಎಂದು ನಂಬುವುದು ಹೇಗೆ?

ಮೊದಲು ಆ "ನಂಬಿಕೆ ಸಾಲದು" ಮಾತನ್ನು ಪಕ್ಕಕ್ಕಿಡಿ. ನನ್ನ ತಾಯಿ ಹಾಸಿಗೆ ಹಿಡಿದಿದ್ದಾಗ ಪ್ರಾರ್ಥನೆಗೆಂದು ಬಂದವರೊಬ್ಬರು ತಲೆದೆಸೆಯಲ್ಲಿ ಕೂತು ಇದನ್ನೇ ಹೇಳಿ ಹೋದರು. ಗಾಯದ ಮೇಲೆ ಬರೆ ಎಳೆದ ಹಾಗೆ. ಅಮ್ಮ ಅವರೆದುರು ಏನೂ ಮಾತಾಡಲಿಲ್ಲ. ಅವರು ಎದ್ದು ಹೋದ ಮೇಲೆ ನನ್ನಿಂದ 2 ಕೊರಿಂಥ 12 ಓದಿಸಿಕೊಂಡರು. ಪೌಲನು ತನ್ನ ಶರೀರದಲ್ಲಿದ್ದ ಮುಳ್ಳನ್ನು ತೆಗೆದುಬಿಡು ಎಂದು ಮೂರು ಸಲ ಬೇಡಿಕೊಂಡದ್ದು, ಮುಳ್ಳು ಹೋಗದೆ "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಉತ್ತರ ಬಂದದ್ದು ಅಲ್ಲಿದೆಯಲ್ಲ. ಓದಿ ಮುಗಿಸಿದಾಗ ಅಮ್ಮ, "ಪೌಲನಿಗೂ ನಂಬಿಕೆ ಸಾಲದಿತ್ತೇನೋ, ಅವರನ್ನೇ ಕೇಳಬೇಕಿತ್ತು" ಎಂದು ನಕ್ಕರು.

ಈಗ 29:11ಕ್ಕೆ ಬರೋಣ. ನಮ್ಮಲ್ಲಿ ಹೆಚ್ಚಿನವರು ಆ ಒಂದೇ ವಚನವನ್ನು ಕಿತ್ತು ಗೋಡೆಗೆ ಹಾಕಿಕೊಂಡಿದ್ದೇವೆ, ಅದರ ಹಿಂದಿನ ವಚನ ಯಾರಿಗೂ ಬೇಡ. ಅದು ಒಂದು ಪತ್ರದ ಭಾಗ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಸೆರೆಹಿಡಿದು ಬಾಬೆಲಿಗೆ ಒಯ್ದ ಜನರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರ. ಅದರಲ್ಲಿ ಏನಿದೆ? ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ನೀವಿರುವ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಆಮೇಲೆ 10ನೆಯ ವಚನ: ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ತಿರುಗಿ ಬರಮಾಡುವೆನು. ಪತ್ರ ಓದಿಸಿಕೊಂಡ ನಲವತ್ತರ ಗಂಡಸು ಬೆರಳು ಮಡಚಿ ಲೆಕ್ಕ ಹಾಕಿದ್ದರೆ, ತಾನು ಊರು ನೋಡುವುದಿಲ್ಲ ಎಂಬುದು ಅವನಿಗೆ ಅಲ್ಲೇ ಗೊತ್ತಾಗುತ್ತಿತ್ತು. "ನಿರೀಕ್ಷೆಯೂ ಭವಿಷ್ಯವೂ" ಎಂಬ ಮಾತನ್ನು ದೇವರು ಆಡಿದ್ದು ಅವನಂಥವನಿಗೆ.

ಹಿಂದಿನ ಅಧ್ಯಾಯವನ್ನೂ ಓದಿ, ಅಲ್ಲಿ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಬರುತ್ತಾನೆ. ಬಾಬೆಲಿಗೆ ಅಧೀನರಾಗಿರಬೇಕೆಂಬುದರ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ಎಲ್ಲರ ಮುಂದೆ ತೆಗೆದು ಮುರಿದು, ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಕರ್ತನ ಹೆಸರಿನಲ್ಲೇ ಸಾರಿದವನು. ಕೇಳಿದವರಿಗೆ ಅವನ ಮಾತೇ ಹೆಚ್ಚು "ನಂಬಿಕೆಯ ಮಾತು" ಅನ್ನಿಸಿರಬೇಕು. ಆದರೆ ದೇವರು ಅವನನ್ನು ಕಳುಹಿಸಿರಲೇ ಇಲ್ಲ. ಆ ಎರಡು ವರ್ಷವನ್ನು ನೆಚ್ಚಿ ಗಂಟುಮೂಟೆ ಕಟ್ಟಿಕೊಂಡು ಕೂತವನೊಬ್ಬ, ಮೂರನೆಯ ವರ್ಷ ದೇವರು ಕೈಬಿಟ್ಟ ಎಂದು ಅತ್ತಿದ್ದರೆ ಆ ದುಃಖ ನಿಜವೇ, ತಪ್ಪಿದ ಮಾತು ಮಾತ್ರ ಹನನ್ಯನದು. ನಮ್ಮ ಎಷ್ಟೋ ನಿರಾಶೆಗಳ ಬೇರು ಇಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಯಾರೋ ವೇದಿಕೆಯ ಮೇಲಿಂದ ಕೊಟ್ಟ ಮಾತಿನ ಸಾಲವನ್ನು ನಾವು ದೇವರ ಹತ್ತಿರ ವಸೂಲಿ ಮಾಡಲು ಹೋಗುತ್ತೇವೆ.

ಹಾಗಾದರೆ ಆತನು ನಿಜವಾಗಿ ಯಾವ ಮಾತು ಕೊಟ್ಟಿದ್ದಾನೆ? ಹೊಸ ಒಡಂಬಡಿಕೆಯಲ್ಲಿ ದೇವರು ನಂಬಿಗಸ್ತನು ಎಂದು ಹೇಳುವ ಕಡೆಗಳನ್ನು ಒಮ್ಮೆ ತೆಗೆದು ನೋಡಿ. ಪಾಪ ಅರಿಕೆ ಮಾಡಿದರೆ ಕ್ಷಮಿಸುತ್ತಾನೆ (1 ಯೋಹಾನ 1:9). ಸಹಿಸಲಾರದಷ್ಟು ಶೋಧನೆ (ಪರೀಕ್ಷೆ) ಬರಗೊಡದೆ, ಪಾರಾಗುವ ದಾರಿಯನ್ನೂ ಕೊಡುತ್ತಾನೆ (1 ಕೊರಿಂಥ 10:13). ಕೆಡುಕನಿಂದ ಕಾಪಾಡುತ್ತಾನೆ (2 ಥೆಸಲೋನಿಕ 3:3). ಇಂಥವೇ. ಕೆಲಸ, ಮದುವೆ, ಮನೆ ಇವು ಅಲ್ಲಿ ಬರುವುದಿಲ್ಲ. ಅವುಗಳಿಗಾಗಿ ಕೇಳಬಾರದೆಂದಲ್ಲ, ಮಗು ತಂದೆಯನ್ನು ಕೇಳಿದ ಹಾಗೆ ಕೇಳಲು ಯೇಸುವೇ ಹೇಳಿದ್ದಾನೆ. ಆದರೆ ಬೇಡಿಕೆ ಬೇರೆ, ವಾಗ್ದಾನ ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ, ಬೇಡಿಕೆ ಈಡೇರದ ದಿನ ವಾಗ್ದಾನವೂ ಸುಳ್ಳೆಂದು ಕಾಣುತ್ತದೆ.

ಇನ್ನು, ನಂಬಿಕೆಯನ್ನು ಗಟ್ಟಿಮಾಡಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ನನಗೆ ಆದಿಕಾಂಡ 15 ಕೊಟ್ಟಷ್ಟು ಧೈರ್ಯವನ್ನು ಬೇರೆ ಯಾವ ಭಾಗವೂ ಕೊಟ್ಟಿಲ್ಲ. ದೇಶ ನನಗೆ ಸಿಗುವುದೆಂದು ಹೇಗೆ ತಿಳಿಯಲಿ ಎಂದು ಅಬ್ರಾಮ (ಮುಂದೆ ಅಬ್ರಹಾಮ ಎನಿಸಿಕೊಂಡವನು) ಕೇಳುತ್ತಾನೆ, ಹೆಚ್ಚುಕಡಿಮೆ ನಿಮ್ಮದೇ ಪ್ರಶ್ನೆ. ದೇವರು ಬೈಯುವುದಿಲ್ಲ. ಕಡಸು, ಮೇಕೆ, ಟಗರು ತರಿಸುತ್ತಾನೆ. ಅಬ್ರಾಮ ಅವನ್ನು ಸೀಳಿ ಎದುರುಬದುರಾಗಿ ಇಟ್ಟು, ಮೇಲೆರಗುವ ಹದ್ದುಗಳನ್ನು ಓಡಿಸುತ್ತಾ ಕಾಯುತ್ತಾನೆ. ಒಪ್ಪಂದ ಮುರಿದರೆ ಈ ಪಶುವಿಗಾದದ್ದೇ ನನಗೂ ಆಗಲಿ ಎಂದು ಆ ಸೀಳುಗಳ ನಡುವೆ ಹಾದುಹೋಗುವುದು ಆಗಿನ ಪದ್ಧತಿ, ಯೆರೆಮೀಯ 34ರಲ್ಲಿ ಇದು ಸ್ಪಷ್ಟವಾಗಿದೆ. ಹೊತ್ತು ಮುಳುಗಿದ ಮೇಲೆ ದೇವರ ಗುರುತಾಗಿ ಹೊಗೆಯಾಡುವ ಒಲೆಯೂ ಉರಿಯುವ ದೀವಟಿಗೆಯೂ ಅಲ್ಲಿ ಹಾದುಹೋಗುತ್ತವೆ. ಅಬ್ರಾಮ ಹಾದುಹೋಗುವುದಿಲ್ಲ, ಅವನನ್ನು ಯಾರೂ ಕರೆಯುವುದೂ ಇಲ್ಲ. ಆಣೆಯ ಭಾರವನ್ನೆಲ್ಲ ದೇವರೊಬ್ಬನೇ ಹೊತ್ತುಕೊಂಡ. ಮುಂದಿನ ಅಧ್ಯಾಯದಲ್ಲೇ ಅಬ್ರಾಮ, ದೇವರು ಮಾತು ಕೊಟ್ಟಿದ್ದ ಮಗನಿಗಾಗಿ, ಹೆಂಡತಿಯ ದಾಸಿ ಹಾಗರಳ ಮೂಲಕ ತನ್ನದೇ ದಾರಿ ಹುಡುಕಿದ, ಆದರೂ ಅವನ ನೂರನೆಯ ವಯಸ್ಸಿನಲ್ಲಿ ಇಸಾಕ ಹುಟ್ಟಿದ. ವಾಗ್ದಾನ ನಿಂತಿರುವುದು ನಮ್ಮ ನಂಬಿಕೆಯ ತೂಕದ ಮೇಲಾಗಿದ್ದರೆ ಅದು 16ನೆಯ ಅಧ್ಯಾಯದಲ್ಲೇ ಮುಗಿದುಹೋಗಬೇಕಿತ್ತು. ಶಿಲುಬೆಯ ಬಗ್ಗೆ ಓದುವಾಗೆಲ್ಲ ನನಗೆ ಆ ರಾತ್ರಿಯ ಆಣೆ ನೆನಪಾಗುತ್ತದೆ. ಮುರಿದವರು ನಾವು, ಸೀಳಿಸಿಕೊಂಡವನು ಆತನು.

ಕಾಯುವಾಗ ಏನು ಮಾಡಬೇಕು? ಬಾಬೆಲಿಗೆ ಸೆರೆಹೋದವರಲ್ಲೊಬ್ಬನಾದ ದಾನಿಯೇಲನು ಮಾಡಿದ್ದನ್ನು ಮಾಡಿ. ಅವನು ಯೆರೆಮೀಯನ ಆ ಎಪ್ಪತ್ತು ವರ್ಷದ ಮಾತನ್ನು ಓದಿ, ಹೇಗೂ ಆಗಿಯೇ ಆಗುತ್ತದಲ್ಲ ಎಂದು ಸುಮ್ಮನಾಗಲಿಲ್ಲ, ಗೋಣಿತಟ್ಟು ಉಟ್ಟು ಪ್ರಾರ್ಥನೆಗೆ ಕೂತ (ದಾನಿಯೇಲ 9). ಜಗಳವಾಡಬೇಕೆನಿಸಿದರೆ ಅದಕ್ಕೂ ಜಾಗವಿದೆ. ಕೀರ್ತನೆ 89ರ ಮೊದಲ 37 ವಚನ ದೇವರ ನಂಬಿಗಸ್ತಿಕೆಯನ್ನೂ ದಾವೀದನಿಗೆ ಮಾಡಿದ ಆಣೆಯನ್ನೂ ಕೊಂಡಾಡುತ್ತವೆ. 38ರಿಂದ ದನಿಯೇ ಬದಲಾಗಿ, ನೀನು ಆಣೆಯಿಟ್ಟ ಆ ಕೃಪೆ ಈಗ ಎಲ್ಲಿ ಹೋಯಿತು ಎಂದು ಆತನ ಮಾತನ್ನೇ ಆತನ ಮುಂದೆ ಹಿಡಿಯುತ್ತದೆ. ಇದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ. ಮಾತು ಕೊಟ್ಟವನು ಕೇಳಿಸಿಕೊಳ್ಳುತ್ತಾನೆ ಎಂಬ ನಂಬಿಕೆ ಇಲ್ಲದವನು ಹೀಗೆ ಕೇಳುವುದೂ ಇಲ್ಲ.

ನನ್ನ ತಾಯಿಗೆ ಗುಣವಾಗಲಿಲ್ಲ. "ಕೊನೆಯ ದಿನದಲ್ಲಿ ನಾನು ಅವನನ್ನು ಎಬ್ಬಿಸುವೆನು" ಎಂದು ಯೇಸು ಯೋಹಾನ 6ರಲ್ಲಿ ಕೊಟ್ಟ ಮಾತು ಅವರ ಮಟ್ಟಿಗೆ ಇನ್ನೂ ಬಾಕಿಯಿದೆ, ನಾನು ಅದಕ್ಕೇ ಕಾಯುತ್ತಿದ್ದೇನೆ. ನೀವು ಕೆಲಸಕ್ಕೆ ಅರ್ಜಿ ಹಾಕುತ್ತಲೇ ಇರಿ, ಮನೆಯವರ ಚಿಕಿತ್ಸೆ ನಿಲ್ಲಿಸಬೇಡಿ, ಎರಡಕ್ಕಾಗಿಯೂ ಪ್ರಾರ್ಥಿಸಿ. ಈ ವಾರ ಸಾಧ್ಯವಾದರೆ ಯೆರೆಮೀಯ 28 ಮತ್ತು 29ನ್ನು ಒಂದೇ ಬಾರಿಗೆ ಕೂತು ಓದಿ.