ಮಾಳಿಗೆಯ ಮೇಲೆ ಎಷ್ಟು ಮಣ್ಣಿದೆ?

ಗುಜರಾತಿನ ಕಛ್‌ನ ಮಣ್ಣಿನ ಮನೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಆಳಂದ ತಾಲ್ಲೂಕಿನ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ: ‘ಕಿಲ್ಲಾರಿ ಭೂಕಂಪದಲ್ಲಿ ನಮ್ಮ ನೆಂಟರನ್ನು ಹೂತದ್ದು ಇದೇ ಮಣ್ಣು. ನಾನಿರುವ ಮಾಳಿಗೆ ಮನೆಯಲ್ಲಿ ಈಗಲೂ ನಿದ್ದೆ ಹತ್ತುವುದಿಲ್ಲ. ಮಣ್ಣನ್ನು ಹೊಗಳುವ ಸಂಪಾದಕರು ಎಂಥ ಮನೆಯಲ್ಲಿದ್ದಾರೆ?’

ಆರ್‌ಸಿಸಿ ಮನೆಯಲ್ಲಿದ್ದೇನೆ. ಕಿಲ್ಲಾರಿಯ ಹೆಸರನ್ನೇ ಎತ್ತದೆ ಮಣ್ಣನ್ನು ಹೊಗಳಿದ್ದು ನಮ್ಮ ತಪ್ಪು.

ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ನಡುಗಿದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ. ಗಣಪತಿಯನ್ನು ಕಳಿಸಿ ತಡವಾಗಿ ಮಲಗಿದ್ದ ಊರುಗಳು. ಸತ್ತವರು ಸುಮಾರು ಹತ್ತು ಸಾವಿರ. ಆ ಮನೆಗಳನ್ನು ನಿಮಗೆ ವರ್ಣಿಸಬೇಕಿಲ್ಲ, ನಿಮ್ಮ ಮಾಳಿಗೆ ಮನೆಯಂಥವೇ: ಎರಡು ಮೂರು ಅಡಿ ದಪ್ಪದ ಕಲ್ಲುಗೋಡೆ, ತೊಲೆ ಜಂತಿಗಳ ಮೇಲೆ ಮಣ್ಣು ಹಾಸಿದ ಮಾಳಿಗೆ. ಸೋರಿದಾಗಲೆಲ್ಲ ಹಳೆಯದರ ಮೇಲೆ ಹೊಸದು ಹಾಕುತ್ತ ಹೋಗಿ ಅದೇ ಅಡಿ, ಎರಡಡಿ ಏರಿರುತ್ತದೆ. ಗೋಡೆಯಾದರೂ ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಚೂರುಗಲ್ಲು. ಎರಡು ಸಾಲನ್ನೂ ಹಿಡಿದಿಡುವ ಅಡ್ಡಗಲ್ಲುಗಳಿಲ್ಲ. ನೆಲ ಅಲ್ಲಾಡಿದಾಗ ಸಾಲುಗಳು ಆಚೀಚೆ ಬಿಚ್ಚಿಕೊಂಡವು, ಮಾಳಿಗೆ ಮಲಗಿದವರ ಮೇಲೆ ಇಳಿಯಿತು.

ಕಛ್‌ನ ಬನ್ನಿ ಎಂಬ ಸೀಮೆಯ ಮಣ್ಣಿನ ಮನೆ, ಭುಂಗ, ಬೇರೆಯೇ ಜಾತಿಯದು. ದುಂಡು ಗೋಡೆ, ಬಿರಿಯಲು ಮೂಲೆಗಳಿಲ್ಲ. ಮೇಲೆ ಹುಲ್ಲಿನ ಹಗುರ ಮಾಡು. 2001ರ ಜನವರಿ 26ರ ಕಛ್ ಭೂಕಂಪದಲ್ಲಿ ಅವು ಬಹಳಷ್ಟು ನಿಂತವು. ಇನ್ನೂರು ಕಿಲೋಮೀಟರಿಗೂ ಆಚೆ ಅಹಮದಾಬಾದಿನಲ್ಲಿ, ಕಾರು ನಿಲ್ಲಿಸಲೆಂದು ನೆಲಮಹಡಿ ಬಯಲು ಬಿಟ್ಟಿದ್ದ ಆರ್‌ಸಿಸಿ ಕಟ್ಟಡಗಳು ಕುಸಿದವು. ಹಾಗೆಂದು ಭುಂಗವೆಲ್ಲ ಗಟ್ಟಿಯಲ್ಲ. ಕಳಪೆ ಇಟ್ಟಿಗೆಯವು ಕೆಟ್ಟವು. ಹುಲ್ಲು ತೆಗೆದು ಮಂಗಳೂರು ಹೆಂಚು ಹೊದಿಸಿದರೆ, ನಮ್ಮದೇ ಹೆಂಚಾದರೂ ಹೇಳಬೇಕು, ತಲೆಭಾರ ಹೆಚ್ಚುತ್ತದೆ.

ಕಛ್‌ನವರು ಮರಳಿ ಕಟ್ಟಿದ ರೀತಿಯ ಬಗ್ಗೆ ಮಾತ್ರ ನನ್ನ ಮೆಚ್ಚುಗೆಯನ್ನು ಹಿಂತೆಗೆದುಕೊಳ್ಳುವುದಿಲ್ಲ. ಕಿಲ್ಲಾರಿಯ ಸುತ್ತ 52 ಹಳ್ಳಿಗಳನ್ನು ಹೊಸ ಜಾಗಕ್ಕೆ ಎತ್ತಿಟ್ಟರು: ಸಾಲುಮನೆ, ನೇರ ರಸ್ತೆ, ಗುತ್ತಿಗೆದಾರರ ಕೆಲಸ. ಕಛ್‌ನಲ್ಲಿ ಹೆಚ್ಚಿನವರು ಇದ್ದ ಊರಲ್ಲೇ ಉಳಿದು ತಾವೇ ಕಟ್ಟಿಕೊಂಡರು. ಸರ್ಕಾರದ ಹಣ ಕಂತುಗಳಲ್ಲಿ ಮನೆಯವರ ಕೈಗೇ ಬಂತು. ಎಂಜಿನಿಯರ್ ಕೆಲಸ ನೋಡಿ ಒಪ್ಪಿದ ಮೇಲೆ ಮುಂದಿನ ಕಂತು. ಭುಜ್‌ನ ಹುನ್ನರಶಾಲಾ ಎಂಬ ಸಂಸ್ಥೆ ಗೌಂಡಿಗಳ ಜೊತೆಗೂಡಿ, ತುಸು ಸಿಮೆಂಟು ಬೆರೆಸಿ ದಮ್ಮಸು ಮಾಡಿದ ಮಣ್ಣಿನ ಗೋಡೆಗಳನ್ನು ಎಬ್ಬಿಸಿತು. ಆದರೂ ಬಹುಪಾಲು ಮಂದಿ ಆರಿಸಿಕೊಂಡದ್ದು ಸಿಮೆಂಟನ್ನೇ. ಇದನ್ನೂ ಲೇಖನ ಹೇಳಬೇಕಿತ್ತು.

ಇನ್ನು ನಿಮ್ಮ ಮನೆ. ಕಿಲ್ಲಾರಿಯ ಆಸುಪಾಸಿನಲ್ಲಿ ಬೀಳದೆ ಉಳಿದ ಇಂಥ ಮನೆಗಳಿಗೆ ಮಾಡಿದ ದುರಸ್ತಿ ದೊಡ್ಡ ಖರ್ಚಿನದಲ್ಲ: ಮಾಳಿಗೆಯ ಮಣ್ಣು ಇಳಿಸುವುದು, ಗೋಡೆಗೆ ಅಲ್ಲಲ್ಲಿ ಆರಪಾರ ತೂತು ಮಾಡಿ ಸರಳಿಟ್ಟು ಕಾಂಕ್ರೀಟು ತುಂಬುವುದು, ಅಡ್ಡಗಲ್ಲಿನ ಕೆಲಸವನ್ನು ಅದು ಮಾಡುತ್ತದೆ. ತಿಳಿದ ಎಂಜಿನಿಯರ್ ಒಬ್ಬರಿಗೆ ತೋರಿಸಿಯೇ ಕೈಹಚ್ಚಿ. ಅದಕ್ಕೂ ಮೊದಲು, ಈ ಸಲ ಮಳೆಗಾಲಕ್ಕೆ ಹೊಸ ಮಣ್ಣು ಹಾಕಿಸುವ ಯೋಚನೆಯಿದ್ದರೆ, ಹಳೆಯದು ಎಷ್ಟು ದಪ್ಪವಿದೆ ಎಂದು ಒಂದು ಕಡೆ ಅಗೆಸಿ ನೋಡಿ. ಅಳತೆಯನ್ನು ನಮಗೂ ಬರೆದು ತಿಳಿಸಿ.

– ಸಂಪಾದಕ