ಓದುಗರ ಪ್ರಶ್ನೆಗೆ ಉತ್ತರ: ಸೈಪ್ರಸ್ಸಿನ ಕಾಡಿನಲ್ಲಿ ಕೈತಪ್ಪಿದ ಕರ್ನಲ್

ಪ್ರಶ್ನೆ: 1956ರಲ್ಲಿ ಸೈಪ್ರಸ್ ದ್ವೀಪದಲ್ಲಿ ಗ್ರಿವಾಸ್ ಎಂಬ ಗೆರಿಲ್ಲಾ ನಾಯಕನನ್ನು ಹಿಡಿಯಲು ಬ್ರಿಟಿಷ್ ಸೈನ್ಯ ದೊಡ್ಡ ಕಾರ್ಯಾಚರಣೆ ನಡೆಸಿ ವಿಫಲವಾಯಿತೆಂದೂ, ಸೈನಿಕರೇ ಕಾಳ್ಗಿಚ್ಚಿಗೆ ಸಿಕ್ಕು ಸತ್ತರೆಂದೂ ಓದಿದ್ದೇನೆ. ಸಾವಿರಾರು ಜನ ಸುತ್ತುವರಿದರೂ ಒಬ್ಬ ಮನುಷ್ಯ ಹೇಗೆ ತಪ್ಪಿಸಿಕೊಂಡ?
— ನಿವೃತ್ತ ಅಧ್ಯಾಪಕರೊಬ್ಬರು, ಮುಂಡರಗಿ

ಉತ್ತರ: ತಾವು ಓದಿರುವುದು 1956ರ ಜೂನ್ ತಿಂಗಳಲ್ಲಿ ಪಾಫೋಸ್ ಅರಣ್ಯದಲ್ಲಿ ನಡೆದ ‘ಆಪರೇಷನ್ ಲಕ್ಕಿ ಅಲ್ಫಾನ್ಸ್’ ಕುರಿತು. ಸೈಪ್ರಸ್ 1878ರಿಂದ ಬ್ರಿಟಿಷರ ಆಡಳಿತದಲ್ಲಿದ್ದ ದ್ವೀಪ. 1925ರಲ್ಲಿ ಅಧಿಕೃತವಾಗಿ ಅವರ ವಸಾಹತಾಯಿತು. ಅಲ್ಲಿಯ ಬಹುಸಂಖ್ಯಾತ ಗ್ರೀಕ್ ಭಾಷಿಕರ ಬೇಡಿಕೆ ಗ್ರೀಸ್ ದೇಶದೊಡನೆ ವಿಲೀನವಾಗಬೇಕೆಂಬುದಾಗಿತ್ತು. ಅದಕ್ಕಾಗಿ ‘ಇಯೋಕಾ’ ಎಂಬ ಗುಪ್ತ ಸಂಘಟನೆ 1955ರ ಏಪ್ರಿಲ್ 1ರಂದು ಬಾಂಬ್ ಸ್ಫೋಟಗಳೊಂದಿಗೆ ಹೋರಾಟ ಆರಂಭಿಸಿತು. ಅದರ ನಾಯಕ ಜಾರ್ಜ್ ಗ್ರಿವಾಸ್ ಸೈಪ್ರಸ್ಸಿನಲ್ಲೇ ಹುಟ್ಟಿ ಗ್ರೀಕ್ ಸೈನ್ಯದಲ್ಲಿ ಕರ್ನಲ್ ಆಗಿದ್ದವನು. 1954ರ ನವೆಂಬರಿನಲ್ಲಿ ದೋಣಿಯಲ್ಲಿ ಗುಟ್ಟಾಗಿ ದ್ವೀಪಕ್ಕೆ ಬಂದಿಳಿದು ‘ದಿಗೆನಿಸ್’ ಎಂಬ ಗುಪ್ತನಾಮದಲ್ಲಿ ಕೆಲಸ ಮಾಡುತ್ತಿದ್ದ. ಗವರ್ನರ್ ಆಗಿ ಬಂದ ಫೀಲ್ಡ್ ಮಾರ್ಷಲ್ ಜಾನ್ ಹಾರ್ಡಿಂಗ್ 1955ರ ನವೆಂಬರಿನಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದರು, ಮರು ಮಾರ್ಚಿನಲ್ಲಿ ಗ್ರೀಕ್ ಸಮುದಾಯದ ಧರ್ಮಗುರು ಆರ್ಚ್‌ಬಿಷಪ್ ಮಕಾರಿಯೋಸ್ ಅವರನ್ನು ಸೆಶೆಲ್ಸ್ ದ್ವೀಪಕ್ಕೆ ಗಡೀಪಾರು ಮಾಡಿದರು, ಗ್ರಿವಾಸನ ತಲೆಗೆ 10,000 ಪೌಂಡ್ ಬಹುಮಾನ ಕಟ್ಟಿದರು.

ಮೇ ತಿಂಗಳಲ್ಲಿ ನಡೆದ ‘ಪೆಪ್ಪರ್‌ಪಾಟ್’ ಎಂಬ ಕಾರ್ಯಾಚರಣೆಯಲ್ಲಿ ಬೆಟ್ಟದ ಗೆರಿಲ್ಲಾಗಳು ಹಲವರು ಸಿಕ್ಕಿಬಿದ್ದಿದ್ದರಿಂದ ನಾಯಕನೂ ಅದೇ ಕಾಡಿನಲ್ಲಿದ್ದಾನೆಂಬ ನಂಬಿಕೆ ಬಲವಾಯಿತು. ಪ್ಯಾರಾಟ್ರೂಪರ್‌ಗಳು, ರಾಯಲ್ ಮರೀನ್ ಕಮಾಂಡೋಗಳು ಮತ್ತು ಗಾರ್ಡನ್ ಹೈಲ್ಯಾಂಡರ್ಸ್ ಮೊದಲಾದ ಪಡೆಗಳು ಟ್ರೂಡೋಸ್ ಬೆಟ್ಟಸಾಲಿನ ಪಶ್ಚಿಮ ಭಾಗವನ್ನು ಸುತ್ತುವರಿದವು. ಬೆಟ್ಟದ ಏಣುಗಳ ಮೇಲೆ ಕಾವಲಿಟ್ಟು, ಒಳಗಿನಿಂದ ಶೋಧಿಸುತ್ತ ಬಂದು, ಓಡುವವರನ್ನು ಕಾವಲಿನವರ ಕೈಗೆ ತಳ್ಳುವುದು ಇಂಥ ಕಾರ್ಯಾಚರಣೆಯ ಕ್ರಮ. ನಕ್ಷೆಯ ಮೇಲೆ ಎಳೆದ ಗೆರೆಯಲ್ಲಿ ಸಂದಿ ಕಾಣುವುದಿಲ್ಲ. ಪೈನ್ ಮರಗಳು ತುಂಬಿದ ಕಡಿದಾದ ಕಣಿವೆಗಳಲ್ಲಿ, ಅದರಲ್ಲೂ ರಾತ್ರಿಯ ಹೊತ್ತು, ಒಬ್ಬ ಕಾವಲುಗಾರನಿಗೂ ಮುಂದಿನವನಿಗೂ ನಡುವೆ ನೆಲ ಬಲ್ಲವನು ನುಸುಳಿಹೋಗುವಷ್ಟು ಜಾಗ ಇದ್ದೇ ಇರುತ್ತದೆ. ಕತ್ತಲಲ್ಲಿ ಸೈನಿಕರು ತಮ್ಮವರ ಮೇಲೆಯೇ ಗುಂಡು ಹಾರಿಸಿದ ಪ್ರಸಂಗಗಳೂ ನಡೆದವು.

ಆದರೂ ಗ್ರಿವಾಸ್ ಸಿಕ್ಕೇ ಬಿಟ್ಟಿದ್ದ ಎನ್ನಬೇಕು. ಬಿರುಬೇಸಿಗೆಯಲ್ಲಿ ಅಡಗಿರುವವರಿಗೆ ಅನ್ನಕ್ಕಿಂತ ಮೊದಲು ಬೇಕಾಗುವುದು ನೀರು. ಹಳ್ಳವೊಂದರ ಪಕ್ಕದಲ್ಲಿ ಅವನೂ ಅವನ ಸಂಗಡಿಗರೂ ವಿಶ್ರಮಿಸುತ್ತಿದ್ದಾಗ ಪ್ಯಾರಾ ಸೈನಿಕರ ಒಂದು ಸಣ್ಣ ತಂಡ ಅವರ ಮೇಲೆ ಎರಗಿತು. ಗುಂಡು ಹಾರುತ್ತಿದ್ದಂತೆಯೇ ಅವರು ಪೊದೆಗಳೊಳಗೆ ಮಾಯವಾದರು. ಗ್ರಿವಾಸನ ಬೂಟು, ಸೊಂಟಪಟ್ಟಿ, ಟೋಪಿ ಮತ್ತು ಕನ್ನಡಕ ಅಲ್ಲೇ ಉಳಿದವು. ಅರವತ್ತರ ಹೊಸ್ತಿಲಲ್ಲಿದ್ದ ಮನುಷ್ಯ ಬೂಟು, ಕನ್ನಡಕ ಬಿಟ್ಟು ಆ ಬೆಟ್ಟ ಹತ್ತಿಳಿದದ್ದನ್ನು, ಅವನ ರಾಜಕೀಯವನ್ನು ಒಪ್ಪದವರೂ ಮೆಚ್ಚದೆ ಇರಲಾರರು.

ಬೆಂಕಿ ಹೊತ್ತಿದ್ದು ಕೆಲವು ದಿನಗಳ ಅನಂತರ. ಅದು ಹೇಗೆ ಹೊತ್ತಿತೆಂಬ ವಿಷಯದಲ್ಲಿ ಎರಡೂ ಕಡೆಯವರ ಮಾತು ಇಂದಿಗೂ ಕೂಡುವುದಿಲ್ಲ. ಕಪ್ಪತಗುಡ್ಡದ ಒಣಹುಲ್ಲಿಗೆ ಬೇಸಿಗೆಯಲ್ಲಿ ಕಿಡಿ ಬಿದ್ದರೆ ಏನಾಗುತ್ತದೆಂಬುದನ್ನು ಮುಂಡರಗಿಯವರಾದ ತಮಗೆ ಹೇಳಬೇಕಾಗಿಲ್ಲ. ಅಲ್ಲಿದ್ದದ್ದು ಎಣ್ಣೆಯಂಶವಿರುವ ಪೈನ್ ಮರಗಳ ಕಾಡು. ಗಾಳಿಯ ದಿಕ್ಕು ಬದಲಾದಾಗ ಇಕ್ಕಟ್ಟಾದ ಕಣಿವೆಯ ದಾರಿಯಲ್ಲಿ ವಾಹನಗಳೊಂದಿಗೆ ಸಿಕ್ಕಿಕೊಂಡ ಸುಮಾರು 20 ಬ್ರಿಟಿಷ್ ಸೈನಿಕರು ಸುಟ್ಟು ಸತ್ತರು. ಗೆರಿಲ್ಲಾಗಳ ಯಾವ ದಾಳಿಯಲ್ಲೂ ಒಂದೇ ದಿನ ಇಷ್ಟು ಜನ ಸತ್ತಿರಲಿಲ್ಲ.

ಹಾಗಾದರೆ ಕಾರ್ಯಾಚರಣೆ ವಿಫಲವೇ? ಈ ಮಾತನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಬೆಟ್ಟದ ತಂಡಗಳು ಚದುರಿದವು, ಗ್ರಿವಾಸ್ ಕಾಡು ಬಿಟ್ಟು ಲಿಮಸೋಲ್ ಪಟ್ಟಣ ಸೇರಿ 1959ರವರೆಗೆ ಅಡಗುತಾಣಗಳಲ್ಲಿ ಬದುಕಿದ. ಆದರೆ ಅಲ್ಲಿಂದಲೇ ಚೀಟಿಗಳ ಮೂಲಕ ಆಜ್ಞೆ ಕಳಿಸುತ್ತ ಹೋರಾಟ ನಡೆಸಿದ. ಅನ್ನ ಹಾಕುವ ಮನೆ, ಚೀಟಿ ಮುಟ್ಟಿಸುವ ಶಾಲಾ ಹುಡುಗರು, ಬಾಗಿಲು ತೆರೆಯುವ ಮಠಗಳು ಇರುವವರೆಗೆ ಕಾಡನ್ನು ಜಾಲಾಡಿ ಅವನನ್ನು ಮುಗಿಸುವುದು ಸಾಧ್ಯವಿರಲಿಲ್ಲ. ಇನ್ನೊಂದು ಮಾತೆಂದರೆ, 1956ರ ಜುಲೈ 26ರಂದು ಈಜಿಪ್ಟಿನ ಅಧ್ಯಕ್ಷ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದ ಮೇಲೆ ಬ್ರಿಟನ್ನಿನ ಗಮನವೂ ಪ್ಯಾರಾ ಪಡೆಗಳೂ ಈಜಿಪ್ಟಿನ ಕಡೆ ತಿರುಗಿದವು. 1957ರ ಮಾರ್ಚ್ 3ರಂದು ಮಖೇರಾಸ್ ಮಠದ ಹತ್ತಿರದ ಅಡಗುತಾಣದಲ್ಲಿ ಶರಣಾಗಲೊಪ್ಪದ ಗ್ರಿಗೋರಿಸ್ ಅಫ್ಕ್ಸೆಂಟಿಯುವನ್ನು ಸೈನಿಕರು ಪೆಟ್ರೋಲ್ ಸುರಿದು ಬೆಂಕಿ ಹಚ್ಚಿ ಕೊಂದರು. ಗ್ರಿವಾಸನ ನಂತರದ ಮುಖ್ಯ ನಾಯಕರಲ್ಲೊಬ್ಬನು ಸತ್ತನಾದರೂ ಆ ಸಾವು ಸಂಘಟನೆಗೆ ತಂದುಕೊಟ್ಟ ಜನಬೆಂಬಲದ ಮುಂದೆ ಆ ಗೆಲುವು ಸಣ್ಣದು.

ಪ್ರಶ್ನೆ: ಇದನ್ನು ನಮ್ಮ ಮೈಲಾರ ಮಹಾದೇವಪ್ಪನವರ ಹೋರಾಟಕ್ಕೆ ಹೋಲಿಸಬಹುದೇ?
— ಕಾಲೇಜು ವಿದ್ಯಾರ್ಥಿನಿ, ಹಾವೇರಿ

ಉತ್ತರ: ಸ್ವಲ್ಪ ದೂರದವರೆಗೆ ಮಾತ್ರ. ಹೊಸರಿತ್ತಿಯಲ್ಲಿ ಮಹಾದೇವಪ್ಪನವರು ಸಂಗಡಿಗರೊಡನೆ ಹುತಾತ್ಮರಾದ ದಿನವೂ, ಇಯೋಕಾ ಹೋರಾಟ ಆರಂಭವಾದ ದಿನದಂತೆ, ಏಪ್ರಿಲ್ 1 (1943) ಎಂಬುದು ಬರಿಯ ಕಾಕತಾಳೀಯ. ಹಳ್ಳಿಗರ ನೆರವಿನಿಂದ ಭೂಗತರಾಗಿರುವುದು, ಸರಕಾರಿ ಕಚೇರಿಗಳ ಮೇಲೆ ಎರಗುವುದು ಎರಡೂ ಕಡೆ ಇದ್ದವು. ಆದರೆ ಮಹಾದೇವಪ್ಪನವರು ದಾಂಡಿ ಯಾತ್ರೆಯಲ್ಲಿ ಗಾಂಧೀಜಿಯವರ ಜೊತೆ ನಡೆದವರು, ಅವರ ತಂಡದ ಗುರಿ ಸರಕಾರದ ಆಡಳಿತವನ್ನು ನಿಲ್ಲಿಸುವುದಾಗಿತ್ತು, ಜೀವ ತೆಗೆಯುವುದಲ್ಲ. ಇಯೋಕಾ ಕೊಂದವರಲ್ಲಿ ಬ್ರಿಟಿಷರಷ್ಟೇ ಅಲ್ಲ, ಮಾಹಿತಿದಾರರೆಂಬ ಸಂಶಯಕ್ಕೆ ಗುರಿಯಾದ ಗ್ರೀಕ್ ಸೈಪ್ರಸ್ಸಿಗರೂ ಬಹಳ ಜನ ಇದ್ದರು. ಅವರು ಕೇಳಿದ್ದೂ ಸ್ವತಂತ್ರ ದೇಶವನ್ನಲ್ಲ, ಗ್ರೀಸಿನೊಡನೆ ವಿಲೀನವನ್ನು. ಜನಸಂಖ್ಯೆಯ ಐದನೆಯ ಒಂದು ಭಾಗಕ್ಕೆ ಸಮೀಪವಿದ್ದ ತುರ್ಕಿ ಭಾಷಿಕರು ಅದಕ್ಕೆ ಒಪ್ಪುವಂತಿರಲಿಲ್ಲ. ಹಾಗೆಂದು ಬ್ರಿಟಿಷರ ನಡೆಯನ್ನು ಸಮರ್ಥಿಸಲೂ ಬಾರದು. 1956 ಮತ್ತು 1957ರಲ್ಲಿ ಅವರು ಗಲ್ಲಿಗೇರಿಸಿದ ಒಂಬತ್ತು ಜನರಲ್ಲಿ ಕೊನೆಯವನಾದ ಎವಾಗೊರಾಸ್ ಪಲ್ಲಿಕಾರಿದಿಸ್ ಇನ್ನೂ ಇಪ್ಪತ್ತು ತುಂಬದ ಹುಡುಗ. 1959ರ ಜ್ಯೂರಿಕ್ ಮತ್ತು ಲಂಡನ್ ಒಪ್ಪಂದಗಳ ಫಲವಾಗಿ 1960ರ ಆಗಸ್ಟ್ 16ರಂದು ಸೈಪ್ರಸ್ ಸ್ವತಂತ್ರವಾಯಿತು. ಗ್ರಿವಾಸನಿಗೆ ವಿಲೀನ ಸಿಗಲಿಲ್ಲ. ಬ್ರಿಟಿಷರು ದ್ವೀಪ ಬಿಟ್ಟರೂ ಅಕ್ರೋಟಿರಿ ಮತ್ತು ಢೆಕೆಲಿಯಾ ಎಂಬ ಎರಡು ಸೇನಾನೆಲೆಗಳನ್ನು ಉಳಿಸಿಕೊಂಡರು, ಅವು ಈಗಲೂ ಅವರ ಸ್ವಾಧೀನದಲ್ಲಿವೆ.

ಪ್ರಶ್ನೆ: ಕೊಡಗಿನ ಜನರಲ್ ತಿಮ್ಮಯ್ಯನವರು ಈ ಗೆರಿಲ್ಲಾಗಳ ವಿರುದ್ಧ ಹೋರಾಡಿದ್ದರೇ?
— ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಇಲ್ಲ. ಅವರು ಸೈಪ್ರಸ್ಸಿಗೆ ಹೋದದ್ದು 1964ರ ಜುಲೈನಲ್ಲಿ, ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ಕಾದಾಟ ತಡೆಯಲು ನಿಂತ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ. ಆದರೆ ಗ್ರಿವಾಸನ ಸಹವಾಸ ಅವರಿಗೂ ತಪ್ಪಲಿಲ್ಲ: ಅವನು ಅದೇ ವರ್ಷ ಮರಳಿ ಬಂದು ಗ್ರೀಕ್ ಸೈಪ್ರಸ್ಸಿಗರ ಪಡೆಗಳ ನೇತೃತ್ವ ವಹಿಸಿದ್ದ, ಆಗಸ್ಟಿನಲ್ಲಿ ಕೊಕ್ಕಿನಾ ಎಂಬಲ್ಲಿ ತುರ್ಕಿ ಭಾಷಿಕರ ಮೇಲೆ ದಾಳಿಯೂ ನಡೆಯಿತು. ತಿಮ್ಮಯ್ಯನವರು 1965ರ ಡಿಸೆಂಬರ್ 18ರಂದು ಸೇವೆಯಲ್ಲಿದ್ದಾಗಲೇ ಸೈಪ್ರಸ್ಸಿನಲ್ಲಿ ತೀರಿಕೊಂಡರು; ಮರುವರ್ಷ ಆ ದೇಶ ಅವರ ಸ್ಮರಣೆಗಾಗಿ ಅಂಚೆಚೀಟಿ ಹೊರತಂದಿತು.