ಎಫ್‌ಎಂಸಿ ಲೈಸೆನ್ಸ್: ಫಾರ್ವರ್ಡರ್ ಆಗಬೇಕಾ, ಎನ್‌ವಿಒಸಿಸಿ ಆಗಬೇಕಾ?

ಅಮೆರಿಕದಲ್ಲಿ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಮಾಡಿಕೊಂಡಿದ್ದೀರಿ, ಸಣ್ಣ ರಫ್ತುದಾರರ ಸರಕನ್ನು ಒಂದೇ ಕಂಟೇನರ್‌ಗೆ ಸೇರಿಸಿ ಹಡಗಿನಲ್ಲಿ ಕಳಿಸಬೇಕು ಅಂತಿದ್ದೀರಿ. ಲೈಸೆನ್ಸ್ ಬೇಕೇ ಬೇಕಾ, ಬೇಕಿದ್ದರೆ ಯಾವುದು, ಬಾಂಡ್‌ಗೆ (ಖಾತರಿ ಪತ್ರಕ್ಕೆ) 75,000 ಡಾಲರ್ ಎಲ್ಲಿಂದ ತರೋದು ಅಂತ ಕೇಳಿದ್ದೀರಿ. ನಾನು ಇಂಥದ್ದೇ ಕಂಪನಿಯೊಂದರಲ್ಲಿ ಡಾಕ್ಯುಮೆಂಟೇಶನ್ ನೋಡಿಕೊಳ್ಳುತ್ತೇನೆ, ಗೊತ್ತಿರುವಷ್ಟು ಹೇಳುತ್ತೇನೆ.

ಲೈಸೆನ್ಸ್ ಬೇಕು. ನಿಮ್ಮದೇ ಮಾಲನ್ನು ನೀವೇ ಕಳಿಸಿಕೊಂಡರೆ ಬೇಡ. ಬೇರೆಯವರ ಮಾಲಿಗೆ ಕೈ ಹಾಕಿ ದುಡ್ಡು ತಗೊಂಡರೆ ಫೆಡರಲ್ ಮ್ಯಾರಿಟೈಮ್ ಕಮಿಷನ್ (ಎಫ್‌ಎಂಸಿ, ಅಮೆರಿಕದ ಸಮುದ್ರ ಸಾಗಣೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಹತ್ತಿರ ಹೋಗಲೇಬೇಕು. ಕಸ್ಟಮ್ಸ್ ಬ್ರೋಕರ್ ಲೈಸೆನ್ಸ್ ಬೇರೆ, ಅದನ್ನು ಕೊಡುವ ಇಲಾಖೆಯೂ ಬೇರೆ. ಎರಡನ್ನೂ ಕಲಸಿಕೊಳ್ಳಬೇಡಿ.

ಯಾವುದು ಅನ್ನೋದಕ್ಕೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಬಿಲ್ ಆಫ್ ಲೇಡಿಂಗ್ (ಮಾಲು ಸಾಗಿಸಲು ತಗೊಂಡಿದ್ದಕ್ಕೆ ಕೊಡುವ ರಸೀದಿ, ಒಪ್ಪಂದ ಪತ್ರ) ಯಾರ ಹೆಸರಲ್ಲಿ ಹೋಗುತ್ತದೆ? ಫಾರ್ವರ್ಡರ್ ಆದರೆ ಬುಕಿಂಗ್ ಮಾಡುತ್ತೀರಿ, ಕಾಗದ ಪತ್ರ ತಯಾರಿಸುತ್ತೀರಿ, ಬಿಲ್ಲನ್ನು ಸಾಗಿಸುವ ಕಂಪನಿಯೇ ಕೊಡುತ್ತದೆ. ಎನ್‌ವಿಒಸಿಸಿ (ಸ್ವಂತ ಹಡಗಿಲ್ಲದ ಸಾಗಣೆದಾರ) ಆದರೆ ಒಂದು ಹಡಗೂ ಇಲ್ಲದೆ ನಿಮ್ಮದೇ ಹೌಸ್ ಬಿಲ್ (ನಿಮ್ಮ ಹೆಸರಿನ ಬಿಲ್ ಆಫ್ ಲೇಡಿಂಗ್) ಕೊಡುತ್ತೀರಿ, ನಿಮ್ಮದೇ ರೇಟು ಹಾಕುತ್ತೀರಿ, ಹಾಗಾಗಿ ಮಾಲಿಗೆ ಏನಾದರೂ ಆದರೆ ಗ್ರಾಹಕ ಮೊದಲು ನಿಮ್ಮನ್ನೇ ಹಿಡಿಯುತ್ತಾನೆ, ಆದರೆ ಹಡಗಿನ ಕಂಪನಿಯ ಲೆಕ್ಕದಲ್ಲಿ ನೀವು ಬರೀ ಒಬ್ಬ ಶಿಪ್ಪರ್ (ಮಾಲು ಕಳಿಸುವ ಗಿರಾಕಿ) ಅಷ್ಟೇ. ನೀವು ಹೇಳಿದ ಕೆಲಸ ಎನ್‌ವಿಒಸಿಸಿಯದ್ದು, ಅದರಲ್ಲಿ ಅನುಮಾನ ಇಲ್ಲ.

ಇನ್ನು ಬಾಂಡ್. ಫಾರ್ವರ್ಡರ್‌ಗೆ 50,000 ಡಾಲರ್, ಅಮೆರಿಕದ ಎನ್‌ವಿಒಸಿಸಿಗೆ 75,000, ಲೈಸೆನ್ಸ್ ತಗೊಳ್ಳದೆ ಬರೀ ನೋಂದಣಿ ಮಾಡಿಸುವ ವಿದೇಶಿ ಎನ್‌ವಿಒಸಿಸಿಗೆ 1,50,000. ಹೆದರಬೇಡಿ, ಇಷ್ಟು ದುಡ್ಡನ್ನು ಎಲ್ಲೂ ಕಟ್ಟಿಡಬೇಕಿಲ್ಲ. ಶ್ಯೂರಿಟಿ ಕಂಪನಿಗೆ (ನಿಮ್ಮ ಪರವಾಗಿ ಖಾತರಿ ನಿಲ್ಲುವ ಕಂಪನಿಗೆ) ವರ್ಷಾ ವರ್ಷ ಪ್ರೀಮಿಯಂ ಕಟ್ಟಿದರೆ ಸಾಕು, ಅದು ಎಷ್ಟು ಅನ್ನೋದು ನಿಮ್ಮ ಕ್ರೆಡಿಟ್ ನೋಡಿ ತೀರ್ಮಾನ ಆಗುತ್ತದೆ. ಆದರೆ ಇದನ್ನು ಇನ್ಶೂರೆನ್ಸ್ ಅಂದುಕೊಳ್ಳುವವರೇ ಜಾಸ್ತಿ. ಬಾಂಡ್ ಇರೋದು ನಿಮ್ಮ ಗ್ರಾಹಕರ ರಕ್ಷಣೆಗೆ. ಶ್ಯೂರಿಟಿ ಕಂಪನಿ ಗ್ರಾಹಕರಿಗೆ ದುಡ್ಡು ಕೊಟ್ಟರೆ ಆಮೇಲೆ ಅದನ್ನು ನಿಮ್ಮಿಂದಲೇ ವಸೂಲಿ ಮಾಡುತ್ತದೆ.

ನನ್ನ ಪ್ರಕಾರ ನಿಜವಾದ ತೊಡಕು ಬಾಂಡ್ ಅಲ್ಲ, ಕ್ವಾಲಿಫೈಯಿಂಗ್ ಇಂಡಿವಿಜುವಲ್, ಅಂದರೆ ಲೈಸೆನ್ಸ್‌ಗೆ ಬೇಕಾದ ಅರ್ಹತೆ ಇರುವ ವ್ಯಕ್ತಿ. ಅರ್ಜಿ ಅಂದರೆ ಎಫ್‌ಎಂಸಿ-18 ಫಾರಂ, ಅದರಲ್ಲಿ ಒಬ್ಬರ ಹೆಸರು ಕೊಡಬೇಕು. ಅವರಿಗೆ ಇದೇ ಕೆಲಸದಲ್ಲಿ, ಅಮೆರಿಕದಲ್ಲೇ, ಕನಿಷ್ಠ 3 ವರ್ಷದ ಅನುಭವ ಇರಬೇಕು, ನಡತೆಯೂ ಸರಿ ಇರಬೇಕು. ಟ್ರಕ್ ವ್ಯವಹಾರ, ಗೋಡೌನ್ ಕೆಲಸ, ಸುಮ್ನೆ ಇಂಪೋರ್ಟ್ ಮಾಡಿದ್ದು ಇವನ್ನೆಲ್ಲ ತೋರಿಸಿದರೆ ಸಾಲದು. ಯಾರದೋ ಹೆಸರನ್ನು ಬಾಡಿಗೆಗೆ ತಂದು ಹಾಕೋಣ ಅಂದರೂ ಆಗದು, ನಿಮ್ಮ ಎಲ್‌ಎಲ್‌ಸಿಯಲ್ಲಿ ಅವರು ಸದಸ್ಯರೋ ಮ್ಯಾನೇಜರೋ ಆಗಿ ನಿಜವಾಗಿ ಕೆಲಸ ಮಾಡುತ್ತಿರಬೇಕು. ಬಿಟ್ಟು ಹೋದರೆ 30 ದಿನದೊಳಗೆ ಕಮಿಷನ್‌ಗೆ ತಿಳಿಸಬೇಕು, ಬದಲಿಗೆ ಇನ್ನೊಬ್ಬರನ್ನು ತೋರಿಸಬೇಕು. ಇಡೀ ಕಂಪನಿ ಒಬ್ಬರ ಮೇಲೆ ನಿಂತ ಹಾಗೆ ಆಗುತ್ತದೆ, ಅಲ್ವಾ? ಹಾಗಾಗಿ ಆ ಅನುಭವ ನಿಮ್ಮ ಹತ್ತಿರವೇ ಇದ್ದರೆ ಒಳ್ಳೇದು.

ಲೈಸೆನ್ಸ್ ಕೈಗೆ ಬಂದ ಕೂಡಲೇ ಮಾಲು ತಗೊಳ್ಳಬೇಡಿ. ಎನ್‌ವಿಒಸಿಸಿ ಮೊದಲು ಟ್ಯಾರಿಫ್ (ರೇಟು, ನಿಯಮಗಳ ಪಟ್ಟಿ) ಪ್ರಕಟಿಸಬೇಕು. 2011ರಿಂದ ಎನ್‌ಆರ್‌ಎ (ನೆಗೋಷಿಯೇಟೆಡ್ ರೇಟ್ ಅರೇಂಜ್‌ಮೆಂಟ್) ಅಂತ ಒಂದು ಅನುಕೂಲ ಇದೆ, ಗ್ರಾಹಕರ ಜೊತೆ ಬರವಣಿಗೆಯಲ್ಲಿ ರೇಟು ಒಪ್ಪಿಕೊಂಡರೆ ಪ್ರತಿ ರೇಟನ್ನೂ ಪ್ರಕಟಿಸುವ ತಲೆನೋವು ತಪ್ಪುತ್ತದೆ, ಆದರೂ ಟ್ಯಾರಿಫ್ ನಿಯಮಗಳು ಇರಲೇಬೇಕು. ಲೈಸೆನ್ಸ್ ನವೀಕರಣ 3 ವರ್ಷಕ್ಕೊಮ್ಮೆ, ಅದು ದೊಡ್ಡ ಕೆಲಸವೇನಲ್ಲ.

ಅನುಭವ ಇನ್ನೂ ಸಾಲದು ಅಂತಾದರೆ ಇನ್ನೊಂದು ದಾರಿ ಇದೆ. ಲೈಸೆನ್ಸ್ ಇರುವ ಎನ್‌ವಿಒಸಿಸಿಗೆ ಏಜೆಂಟ್ ಆಗಿ. ಏಜೆಂಟ್‌ಗಳಿಗೆ ಪ್ರತ್ಯೇಕ ಲೈಸೆನ್ಸ್ ಬೇಕಿಲ್ಲ ಅಂತ 2009ರಲ್ಲಿ ವಾಷಿಂಗ್ಟನ್ ಡಿಸಿಯ ಫೆಡರಲ್ ಅಪೀಲು ಕೋರ್ಟ್ ಹೇಳಿದೆ. ಆದರೆ ಬಿಲ್ ಅವರದ್ದು, ರೇಟು ಅವರದ್ದು, ನಿಮ್ಮ ಹೆಸರಲ್ಲಿ ಏನೂ ಹೊರಡಬಾರದು. ಒಪ್ಪಂದವನ್ನು ಬರವಣಿಗೆಯಲ್ಲೇ ಮಾಡಿಸಿಕೊಳ್ಳಿ, ಮಾಡಿದ ಕೆಲಸದ ದಾಖಲೆಗಳನ್ನೂ ಎತ್ತಿಡಿ, ಮುಂದೆ ಎಫ್‌ಎಂಸಿ-18 ತುಂಬುವಾಗ ಅವೇ ಬೇಕಾಗುತ್ತವೆ.